ನೋಡಿದ ಕೂಡಲೇ ಆಳು ಅಳೆಯೋಕಾಗುತ್ತಾ?

ಪ್ರಶ್ನೆ: ಮೇಡಂ, ನನಗೆ 58 ವರ್ಷ. ದಾವಣಗೆರೆ ಎಪಿಎಂಸಿ ಹತ್ತಿರ ಬೀಜ, ಗೊಬ್ಬರ, ಔಷಧಿ ಅಂಗಡಿ ಇದೆ. ನಮ್ಮ ತಂದೆಯವರ ಕಾಲದ ವ್ಯಾಪಾರ. ರೈತರಿಗೆ ಉದ್ರಿ ಕೊಡುವುದು ನಮ್ಮಲ್ಲಿ ಮಾಮೂಲು. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಅಂತ ಆಳು ನೋಡಿದ ಕೂಡಲೇ ಗೊತ್ತಾಗಿಬಿಡುತ್ತೆ. ಮೋಸ ಹೋಗಿದ್ದು ಬಹಳ ಕಮ್ಮಿ.

ಹೋದ ವರ್ಷ ನಮ್ಮ ಮನೆಯ ಮಹಡಿ ಬಾಡಿಗೆಗಿತ್ತು. ಒಬ್ಬ ಹುಡುಗ ಬಂದ. ಭುಜದ ತನಕ ಕೂದಲು, ಕಿವಿಗೆ ರಿಂಗು, ಕುತ್ತಿಗೆ ಮೇಲೆ ಟ್ಯಾಟೂ, ಸೈಲೆನ್ಸರ್ ಬದಲಾಯಿಸಿದ ಬೈಕು. "ಮನೆ ಆಗಲೇ ಕೊಟ್ಟಾಯ್ತಪ್ಪ" ಅಂದು ಕಳಿಸಿದೆ. ಆಮೇಲೆ ಇನ್ನೊಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಹಣೆ ಮೇಲೆ ವಿಭೂತಿ, ಮೆತ್ತಗಿನ ಮಾತು, ಹೋಗುವಾಗ ಕಾಲಿಗೆ ನಮಸ್ಕಾರ. ಅಗ್ರಿಮೆಂಟ್ ಕೂಡ ಮಾಡಿಸದೆ ಕೀ ಕೊಟ್ಟೆ. ಅವರು ನಾಲ್ಕು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ. ಈ ನಡುವೆ ನಮ್ಮ ಅಕ್ಕನಿಗೆ ಡಯಾಲಿಸಿಸ್ ಶುರುವಾಯ್ತು. ಆಸ್ಪತ್ರೆಯಲ್ಲಿ ಅವರನ್ನು ನೋಡಿಕೊಳ್ಳುವ ಟೆಕ್ನೀಷಿಯನ್ ಅದೇ ಹುಡುಗ! ಅಕ್ಕ ಅವನನ್ನು ಬಾಯ್ತುಂಬ ಹೊಗಳುತ್ತಾಳೆ. ನನ್ನ ಗುರುತು ಹಿಡಿದ, ನಕ್ಕು ಸುಮ್ಮನಾದ.

ಮಗಳು "ಅಪ್ಪಾ, ನೀವು ಮುಖ ನೋಡಿ ಮಣೆ ಹಾಕ್ತೀರಿ" ಅಂತಾಳೆ. ಒಂದು ಸಲ ತಪ್ಪಿದ್ದಕ್ಕೆ ನಲವತ್ತು ವರ್ಷದ ಅನುಭವ ಸುಳ್ಳಾಗುತ್ತಾ ಅಂತ ನಾನು. ಯಾರು ಸರಿ? ಈ ವಯಸ್ಸಲ್ಲಿ ಬದಲಾಗೋಕೆ ಆಗುತ್ತಾ? ಆ ಹುಡುಗನಿಗೆ ಏನು ಹೇಳಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಹುಡುಗನ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ಅಪ್ಪ ಮಗಳ ಜಗಳ ಬಿಡಿಸೋಣ.

ಮುಖ ನೋಡಿದ ಕೂಡಲೇ ಮನಸ್ಸಿನಲ್ಲಿ ಒಂದು ತೀರ್ಮಾನ ಆಗಿಬಿಡುವುದು ನಿಮ್ಮೊಬ್ಬರ ಚಾಳಿಯಲ್ಲ. ನಿಮ್ಮ ಮಗಳಿಗೂ ಆಗುತ್ತದೆ, ನನಗೂ ಆಗುತ್ತದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೈನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ಇದನ್ನು ಅಳೆದು ತೋರಿಸಿದರು. ಗುರುತು ಪರಿಚಯ ಇಲ್ಲದವರ ಫೋಟೋವನ್ನು ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ಮಾತ್ರ ತೋರಿಸಿದರು. ಈ ಮನುಷ್ಯ ನಂಬಿಕಸ್ಥನಾ, ಕೆಲಸಗಾರನಾ, ಸಿಡುಕನಾ ಅಂತ ಕೇಳಿದರು. ಅಷ್ಟರಲ್ಲೇ ಜನ ಉತ್ತರ ಕೊಟ್ಟರು. ಬೇಕಾದಷ್ಟು ಹೊತ್ತು ನೋಡಿ ಹೇಳಿದವರ ಉತ್ತರವೂ ಹೆಚ್ಚುಕಡಿಮೆ ಅದೇ ಇತ್ತು. ಸಮಯ ಜಾಸ್ತಿ ಕೊಟ್ಟಾಗ ಮುಖ್ಯವಾಗಿ ಜಾಸ್ತಿಯಾಗಿದ್ದು ತಮ್ಮ ಉತ್ತರದ ಮೇಲಿನ ಭರವಸೆ.

ಅಂದರೆ ಆ ಹುಡುಗ ನಿಮ್ಮ ಗೇಟು ತೆಗೆಯುವಷ್ಟರಲ್ಲೇ ಮನೆ ಅವನ ಕೈ ತಪ್ಪಿತ್ತು. ಆಮೇಲೆ ನೀವು ಏನಾದರೂ ಕೇಳಿದ್ದರೆ ಅದು ಸುಮ್ನೆ ಶಾಸ್ತ್ರಕ್ಕೆ.

"ನನಗೊಬ್ಬನಿಗೆ ಅಲ್ಲ, ನಮ್ಮ ಮನೆಯವರಿಗೂ ಅವನನ್ನ ನೋಡಿ ಹಾಗೇ ಅನಿಸ್ತು" ಅಂತ ನೀವು ಹೇಳಬಹುದು. ಅನಿಸಿರುತ್ತದೆ. ಒಂದೇ ಮುಖ ನೋಡಿ ಹತ್ತು ಜನ ಒಂದೇ ಮಾತು ಹೇಳುವುದು ಬಹಳ ಸಾಮಾನ್ಯ. ಟೊಡೊರೊವ್ ಮತ್ತು ಅವರ ಜೊತೆಗಾರರು 2005ರಲ್ಲಿ ಅಮೆರಿಕದ ಸೆನೆಟ್ ಚುನಾವಣೆಯ ಅಭ್ಯರ್ಥಿಗಳ ಫೋಟೋ ತೋರಿಸಿ, ಇಬ್ಬರಲ್ಲಿ ಯಾರು ಸಮರ್ಥರ ಹಾಗೆ ಕಾಣುತ್ತಾರೆ ಅಂತ ಕೇಳಿದ್ದರು. ನೋಡಿದವರಿಗೆ ಆ ಅಭ್ಯರ್ಥಿಗಳು ಯಾರು ಅಂತಲೇ ಗೊತ್ತಿರಲಿಲ್ಲ. ಆದರೂ ಅವರು ತೋರಿಸಿದವರೇ ಸುಮಾರು 70 ಶೇಕಡಾ ಕಡೆ ಗೆದ್ದಿದ್ದರು. ಗೆದ್ದವರೆಲ್ಲ ಒಳ್ಳೆ ಕೆಲಸ ಮಾಡಿದರು ಅಂತ ಇದರ ಅರ್ಥ ಅಲ್ಲ. ಓಟು ಹಾಕಿದ ಲಕ್ಷಾಂತರ ಜನರೂ ಅದೇ ಮುಖ ನೋಡಿ ಅದೇ ಲೆಕ್ಕ ಹಾಕಿದ್ದರು ಅಂತ, ಅಷ್ಟೇ. ಎಲ್ಲರಿಗೂ ಹಾಗೇ ಅನಿಸುವುದು ಬೇರೆ, ಅದು ನಿಜ ಆಗಿರುವುದು ಬೇರೆ.

ಈಗ ನಿಮ್ಮ ನಲವತ್ತು ವರ್ಷದ ಅನುಭವ. ಅದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಆದರೆ ಅನುಭವ ಎಲ್ಲ ಕಡೆ ಒಂದೇ ಥರ ಕಲಿಸುವುದಿಲ್ಲ.

ಯಾರ್ಡಿನಲ್ಲಿ ಹಳೇ ಖರೀದಿದಾರರು ಮೆಕ್ಕೆಜೋಳದ ರಾಶಿ ನೋಡುವುದನ್ನು ನೀವು ಸುಗ್ಗಿಯಲ್ಲಿ ದಿನಾ ಕಾಣುತ್ತೀರಿ. ಮೇಲಿನ ಕಾಳು ನೋಡುವುದಿಲ್ಲ. ಮೊಣಕೈ ತನಕ ರಾಶಿಯೊಳಗೆ ಕೈ ಹಾಕುತ್ತಾರೆ. ಒಳಗೆ ಬಿಸಿ ಇದೆಯಾ ಅಂತ ನೋಡುತ್ತಾರೆ. ಒಂದು ಕಾಳು ಬಾಯಿಗೆ ಹಾಕಿ ಕಡಿಯುತ್ತಾರೆ. ಕಟ್ ಅಂತ ಒಡೆದರೆ ಒಣಗಿದೆ, ಹಲ್ಲು ಮೆತ್ತಗೆ ಇಳಿದರೆ ಇನ್ನೂ ಹಸಿ. "ಹದಿನಾಲ್ಕು ಬರುತ್ತೆ ನೋಡ್ರಿ" ಅಂತಾರೆ. ಮೀಟರ್ ಇಟ್ಟರೆ ತೇವಾಂಶ ಅಲ್ಲೇ ಆಸುಪಾಸು ಇರುತ್ತದೆ. ಈ ಅನುಭವ ಗಟ್ಟಿ. ಯಾಕೆ? ಪ್ರತಿ ರಾಶಿಯೂ ಅವತ್ತೇ ಉತ್ತರ ಕೊಡುತ್ತದೆ. ತಪ್ಪಿದರೆ ಸಂಜೆಯೊಳಗೆ ಗೊತ್ತಾಗುತ್ತದೆ, ನಾಳೆ ಹಲ್ಲು ಇನ್ನಷ್ಟು ಹುಷಾರಾಗುತ್ತದೆ.

ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು. ಅನುಭವಸ್ಥರ ಒಳಮನಸ್ಸಿನ ಮಾತನ್ನು ಕ್ಲೈನ್ ನಂಬುತ್ತಿದ್ದರು. ಅಗ್ನಿಶಾಮಕ ದಳದವರ ಜೊತೆ ಓಡಾಡಿ ನೋಡಿದವರು ಅವರು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕಾನೆಮನ್‌ಗೆ ಅದರ ಮೇಲೆ ಅನುಮಾನ. ವರ್ಷಗಟ್ಟಲೆ ವಾದ ಮಾಡಿ 2009ರಲ್ಲಿ ಇಬ್ಬರೂ ಸೇರಿ ಒಂದು ಲೇಖನ ಬರೆದರು. ಒಪ್ಪಿಕೊಂಡದ್ದು ಇಷ್ಟು: ವಿಷಯದಲ್ಲಿ ಒಂದು ನಿಯಮ ಇರಬೇಕು, ನಮ್ಮ ಊಹೆ ಸರಿಯಾ ತಪ್ಪಾ ಅಂತ ಬೇಗ, ಸ್ಪಷ್ಟವಾಗಿ ತಿಳಿಯುತ್ತಿರಬೇಕು. ಆಗ ಮಾತ್ರ ಅನುಭವಸ್ಥರ ಅನಿಸಿಕೆಯನ್ನು ನಂಬಬಹುದು. ಇಲ್ಲದಿದ್ದರೆ ವರ್ಷ ಕಳೆದ ಹಾಗೆ ಧೈರ್ಯ ಬೆಳೆಯುತ್ತದೆ, ಜಾಣತನ ಬೆಳೆಯುವುದಿಲ್ಲ.

ಮನುಷ್ಯರ ವಿಷಯದಲ್ಲಿ ನಿಮಗೆ ಆ ಉತ್ತರ ಸಿಗುತ್ತಾ? ಉದ್ರಿ ಕೊಟ್ಟವರ ಕತೆ ಗೊತ್ತು. ಕಟ್ಟಿದರೋ ಇಲ್ಲವೋ ಖಾತೆ ಪುಸ್ತಕದಲ್ಲಿದೆ. ಕೊಡದೆ ಕಳಿಸಿದವರ ಕತೆ? ಅವರು ಪಕ್ಕದ ಅಂಗಡಿಗೆ ಹೋದರು. ಅಲ್ಲಿ ಉದ್ರಿ ತಗೊಂಡು ಸುಗ್ಗಿಯಲ್ಲಿ ಪೈಸೆ ಬಾಕಿ ಇಲ್ಲದೆ ಚುಕ್ತಾ ಮಾಡಿರಬಹುದು. ಇವತ್ತಿಗೂ ಅಲ್ಲೇ ಗೊಬ್ಬರ ತಗೊಳ್ಳುತ್ತಿರಬಹುದು. ನಿಮ್ಮ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ. "ಮೋಸ ಹೋಗಿದ್ದು ಕಮ್ಮಿ" ಅಂತ ಬರೆದಿದ್ದೀರಿ. ಎಷ್ಟು ಒಳ್ಳೆ ಗಿರಾಕಿಗಳನ್ನು ಕಳಕೊಂಡಿರಿ ಅಂತ ಬರೆಯೋಕೆ ನಿಮ್ಮ ಹತ್ತಿರ ಲೆಕ್ಕವೇ ಇಲ್ಲ. ಅರ್ಧ ಖಾತೆ ನೋಡಿ ಲಾಭ ಇದೆ ಅಂದರೆ ನಿಮ್ಮ ಆಡಿಟರ್ ಒಪ್ಪುತ್ತಾರಾ?

ನಲವತ್ತು ವರ್ಷದಲ್ಲಿ ಒಂದು ಸಲ ಮಾತ್ರ ತಪ್ಪಿದ್ದೀರಿ ಅಂತ ಹೇಗೆ ಹೇಳುತ್ತೀರಿ? ವಾಪಸ್ ಕಳಿಸಿದ ಒಬ್ಬನ ಕತೆ ಅಕ್ಕನ ಕಾಯಿಲೆ ನೆಪದಲ್ಲಿ ಅಕಸ್ಮಾತ್ ನಿಮ್ಮ ಕಣ್ಣಿಗೆ ಬಿತ್ತು. ಅಷ್ಟೇ. ಉಳಿದವರದ್ದು ಬೀಳಲೇ ಇಲ್ಲ.

ಕೊಟ್ಟವರ ಲೆಕ್ಕವಾದರೂ ಸರಿ ಇದೆಯಾ ಅಂದರೆ, ಅದೂ ಪೂರ್ತಿ ಸರಿ ಇಲ್ಲ. ನಿಮ್ಮದೇ ಅಂಗಡಿಯ ಬಾಗಿಲಲ್ಲಿ ಒಂದು ದಿನ ನಿಂತು ನೋಡಿ. ಬಿಳಿ ಅಂಗಿ, ಕೈಗೆ ಉಂಗುರ ಇದ್ದವರು ಬಂದರೆ "ಬರ್ರಿ ಗೌಡ್ರೇ, ಕುಂದ್ರಿ" ಅನ್ನುವ ಮಾತು ತಾನಾಗಿ ಬರುತ್ತದೆ. ಅಂಗಡಿ ಹುಡುಗ ಓಡಿ ಹೋಗಿ ಕುರ್ಚಿ ಎಳೆಯುತ್ತಾನೆ, ಚಹಾಕ್ಕೆ ಹೇಳುತ್ತಾನೆ. ಕೊಳೆ ಲುಂಗಿ, ತಲೆಗೆ ಟವೆಲ್ ಸುತ್ತಿದವರು ಬಂದರೆ "ಏನಪ್ಪ, ಏನ್ ಬೇಕು?" ಅವರು ನಿಂತೇ ಮಾತಾಡುತ್ತಾರೆ, ನಿಂತೇ ಹೋಗುತ್ತಾರೆ. ಕುರ್ಚಿ ಯಾರಿಗೆ ಹಾಕಬೇಕು ಅಂತ ಆ ಹುಡುಗನಿಗೆ ನೀವು ಬಾಯಿಬಿಟ್ಟು ಹೇಳಿಕೊಟ್ಟಿರುವುದಿಲ್ಲ. ನಿಮ್ಮ ಕಣ್ಣು ನೋಡಿ ಕಲಿತಿರುತ್ತಾನೆ.

ಹೀಗೆ ನಿಲ್ಲಿಸಿ ಮಾತಾಡಿಸಿದ ಮನುಷ್ಯ ಹೇಗೆ ನಡಕೊಳ್ಳುತ್ತಾನೆ? ಮುಖ ಗಂಟಿಕ್ಕುತ್ತಾನೆ, ಎರಡು ಮಾತಲ್ಲಿ ಮುಗಿಸುತ್ತಾನೆ, ಬಾಕಿ ತೀರಿದ ಮೇಲೆ ನಿಮ್ಮ ಕಡೆ ತಲೆ ಹಾಕುವುದಿಲ್ಲ. ಆಗ ನೀವು "ನೋಡಿದ್ರಾ, ನಿಯತ್ತಿಲ್ಲದ ಜನ" ಅಂತೀರಿ. ಮಾರ್ಕ್ ಸ್ನೈಡರ್ ಮತ್ತು ಜೊತೆಗಾರರು 1977ರಲ್ಲಿ ಇದನ್ನು ಫೋನಿನಲ್ಲಿ ಪರೀಕ್ಷೆ ಮಾಡಿದರು. ಗಂಡಸರಿಗೆ ಒಂದು ಹೆಣ್ಣಿನ ಫೋಟೋ ಕೊಟ್ಟು, ಈಕೆ ಜೊತೆ ಮಾತಾಡಿ ಅಂದರು. ಕೆಲವರಿಗೆ ಚಂದದ ಫೋಟೋ, ಕೆಲವರಿಗೆ ಅಷ್ಟೇನೂ ಚಂದವಲ್ಲದ್ದು. ಫೋಟೋಗೂ ಫೋನಿನಲ್ಲಿದ್ದ ಹೆಣ್ಣಿಗೂ ಸಂಬಂಧವೇ ಇರಲಿಲ್ಲ. ಆಮೇಲೆ ಹೆಣ್ಣಿನ ಮಾತನ್ನು ಮಾತ್ರ ಬೇರೆಯವರಿಗೆ ಕೇಳಿಸಿದರು. ಚಂದದ ಫೋಟೋ ನೋಡಿದವರ ಜೊತೆ ಮಾತಾಡಿದ ಹೆಂಗಸರ ಮಾತೇ ಹೆಚ್ಚು ಆತ್ಮೀಯವಾಗಿ, ಕಳೆಯಾಗಿ ಕೇಳಿಸಿತು. ಈ ಕಡೆಯವರು ಪ್ರೀತಿಯಿಂದ ಮಾತಾಡಿದ್ದಕ್ಕೆ ಆ ಕಡೆಯವರೂ ಅರಳಿದ್ದರು.

ಇನ್ನು ಮಳೆ. ಇದನ್ನು ಜನ ಮರೆಯುತ್ತಾರೆ, ಅಂಗಡಿಯವರಂತೂ ಮರೆಯಲೇಬಾರದು. 2018ರಲ್ಲಿ ಶಿವಮೊಗ್ಗ ಕಡೆ ಮೊದಲು ಕಂಡ ಸೈನಿಕ ಹುಳು ಆಮೇಲೆ ಮೆಕ್ಕೆಜೋಳದ ಸುಳಿ ತಿಂದು ಹಾಕಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಅಂಥ ವರ್ಷ ಬಾಕಿ ಉಳಿಸಿಕೊಂಡವರನ್ನು ನೆನಪು ಮಾಡಿಕೊಳ್ಳಿ. ಬಿಳಿ ಅಂಗಿಯವರು ಬಾಕಿ ಉಳಿಸಿದರೆ "ಪಾಪ, ಮಳೆ ಕೈಕೊಡ್ತು." ಲುಂಗಿಯವರು ಉಳಿಸಿದರೆ "ಆ ಜನಾನೇ ಹಂಗೆ." ಜಗಳೂರು ಕಡೆಯವರಿಗೆ ಉದ್ರಿ ಕೊಟ್ಟರೆ ವಾಪಸ್ ಬರಲ್ಲ ಅನ್ನುವ ಮಾತು ನೀವೂ ಆಡಿರಬಹುದು. ಅದು ಮಳೆ ನಂಬಿದ ಸೀಮೆ. ಭದ್ರಾ ನಾಲೆ ಪಕ್ಕದ ಗದ್ದೆಯವನಿಗೆ ಇರುವ ಧೈರ್ಯ ಅಲ್ಲಿಯವನಿಗೆ ಎಲ್ಲಿಂದ ಬರಬೇಕು? ನಾಲೆಯಲ್ಲೂ ಮೇಲ್ಭಾಗದವನೇ ಬೇರೆ, ನೀರು ತಲುಪದ ಕೊನೆ ಭಾಗದವನೇ ಬೇರೆ. ನೀರಿನ ಲೆಕ್ಕವನ್ನು ನಾವು ಜನರ ಗುಣದ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ಇಸ್ತ್ರಿ ಅಂಗಿಯವರ ಕಡೆ ಬರೋಣ. ಒಂದು ಒಳ್ಳೆ ಗುಣ ಕಂಡರೆ ಉಳಿದದ್ದೂ ಒಳ್ಳೆಯದೇ ಇರಬೇಕು ಅಂತ ಮನಸ್ಸು ತುಂಬಿಕೊಳ್ಳುತ್ತದೆ. 1920ರಲ್ಲೇ ಎಡ್ವರ್ಡ್ ಥಾರ್ನ್‌ಡೈಕ್ ಸೇನೆಯ ಮೇಲಧಿಕಾರಿಗಳು ಕೊಟ್ಟ ಅಂಕಪಟ್ಟಿ ನೋಡಿ ಇದನ್ನು ಗುರುತಿಸಿದ್ದರು. ಮೈಕಟ್ಟು ಚೆನ್ನಾಗಿದ್ದ ಅಧಿಕಾರಿಗೆ ಬುದ್ಧಿ, ನಾಯಕತ್ವ, ನಡತೆ ಎಲ್ಲದರಲ್ಲೂ ಒಳ್ಳೆ ಅಂಕ ಬಿದ್ದಿತ್ತು. ಕಾಲಿಗೆ ನಮಸ್ಕಾರ ಮಾಡುವುದು ಒಳ್ಳೆ ಸಂಸ್ಕಾರ, ನಾನು ಬೇಡ ಅನ್ನುವುದಿಲ್ಲ. ಅದು ಪ್ರತಿ ತಿಂಗಳು ಐದನೇ ತಾರೀಕು ಬಾಡಿಗೆ ಬರುತ್ತದೆ ಅಂತ ಹೇಳುವುದಿಲ್ಲ.

ಮೋಸ ಮಾಡುವವರಿಗೆ ಈ ಗುಟ್ಟು ನಮಗಿಂತ ಚೆನ್ನಾಗಿ ಗೊತ್ತು. ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ಹಣ ಕೀಳುವವರು ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಯೂನಿಫಾರ್ಮ್ ಹಾಕಿಕೊಂಡೇ ಕೂರುತ್ತಾರೆ. ಹಿಂದೆ ಗೋಡೆಗೆ ಇಲಾಖೆಯ ಲಾಂಛನ ಬೇರೆ. ಅಂಥ ಅರೆಸ್ಟೇ ಕಾನೂನಿನಲ್ಲಿ ಇಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಹೇಳಬೇಕಾಯಿತು. ಓದಿದವರು, ದೊಡ್ಡ ಹುದ್ದೆಯಲ್ಲಿದ್ದವರೂ ಹಣ ಕಳಕೊಂಡರು. ಟ್ಯಾಟೂ ಹಾಕಿ ಹರಿದ ಪ್ಯಾಂಟು ತೊಟ್ಟು ಯಾರಾದರೂ ಆ ಕಾಲ್ ಮಾಡಿದ್ದರೆ ಯಾರೂ ಒಂದು ರೂಪಾಯಿ ಕಳಿಸುತ್ತಿರಲಿಲ್ಲ.

ಇಲ್ಲಿತನಕ ನಿಮ್ಮ ನಷ್ಟದ ಮಾತಾಯಿತು. ವ್ಯಾಪಾರಸ್ಥರಿಗೆ ಅದು ಬೇಗ ತಟ್ಟುತ್ತದೆ ಅಂತ ಮೊದಲು ಹೇಳಿದೆ. ದೊಡ್ಡ ನಷ್ಟ ಬಾಗಿಲಿಂದ ವಾಪಸ್ ಹೋದವರದ್ದು. ಆ ಹುಡುಗನಿಗೆ ಸಂಬಳ ಇದೆ, ಇನ್ನೊಂದು ಮನೆ ಸಿಕ್ಕಿರುತ್ತದೆ. ಕೂದಲು ಬೇಕಾದರೆ ಕತ್ತರಿಸಬಹುದು, ಟ್ಯಾಟೂ ಮೇಲೆ ಕಾಲರ್ ಎಳಕೊಳ್ಳಬಹುದು. ಹೆಸರು, ಜಾತಿ, ಧರ್ಮ ಕತ್ತರಿಸೋಕೆ ಆಗುತ್ತಾ? ಮನೆ ಕೇಳಲು ಬಂದವರನ್ನು "ನೀವು ಯಾವ ಪೈಕಿ?" ಅಂತ ಕೇಳುವುದು ನಮ್ಮೂರಲ್ಲಿ ಕುಶಲ ವಿಚಾರಿಸಿದಷ್ಟೇ ಸಲೀಸು. ದೆಹಲಿ ಸುತ್ತಮುತ್ತ ಬಾಡಿಗೆ ಮನೆಗಳ ಬಗ್ಗೆ ಸುಖದೇವ್ ಥೋರಟ್ ಮತ್ತು ಜೊತೆಗಾರರು ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ದಲಿತರು, ಮುಸ್ಲಿಮರು ಮನೆ ಕೇಳಿದಾಗ "ಇಲ್ಲ" ಅನ್ನುವ ಉತ್ತರ ಬಹಳ ಜಾಸ್ತಿ, ಮುಸ್ಲಿಮರಿಗೆ ಎಲ್ಲರಿಗಿಂತ ಜಾಸ್ತಿ. ಅಲ್ಲೂ ಹಲವರಿಗೆ ನೆಪ ಹೇಳಿಯೇ ಕಳಿಸಿರುತ್ತಾರೆ, ನೀವು ಹೇಳಿದ ಹಾಗೆ.

ಇದು ಮನುಷ್ಯನ ಒಳಗೆ ಏನು ಮಾಡುತ್ತದೆ ಅಂತ ತೋರಿಸುವ ಒಂದು ಪ್ರಯೋಗ ನನ್ನ ತಲೆಯಿಂದ ಹೋಗುವುದೇ ಇಲ್ಲ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮಾಡಿದ್ದು. ಮೇಲ್ಜಾತಿಯ 321 ಹುಡುಗರು, ಕೆಳಜಾತಿ ಅಂತ ಕರೆಸಿಕೊಂಡ 321 ಹುಡುಗರು. ಕಾಗದದ ಮೇಲೆ ದಾರಿ ಹುಡುಕುವ ಒಗಟು ಬಿಡಿಸಬೇಕು, ಬಿಡಿಸಿದಷ್ಟು ದುಡ್ಡು. ಜಾತಿ ಮಾತು ಎತ್ತದೆ ಕೂರಿಸಿದಾಗ ಇಬ್ಬರೂ ಸಮಸಮ. ಶುರು ಮಾಡುವ ಮುಂಚೆ ಎಲ್ಲರೆದುರು ಪ್ರತಿಯೊಬ್ಬನ ಹೆಸರು, ಊರು, ಅಪ್ಪನ ಹೆಸರು, ಅಜ್ಜನ ಹೆಸರು, ಜಾತಿ ಓದಿದಾಗ ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳ ಲೆಕ್ಕ ಕುಸಿಯಿತು. ಅದೇ ಹುಡುಗರು, ಅದೇ ಒಗಟು, ಅದೇ ದುಡ್ಡು.

ಬ್ರಿಟಿಷರು 1871ರಲ್ಲಿ ಹಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡುವ ಕಾನೂನು ತಂದರು. 1952ರಲ್ಲಿ ಅದು ಹೋಯಿತು. ಬಸ್ಸಿನಲ್ಲಿ ಪರ್ಸು ಕಳೆದರೆ ಯಾರ ಗಂಟು ಮೊದಲು ಬಿಚ್ಚಿಸುತ್ತಾರೆ ಅಂತ ನೋಡಿ. ಕಾನೂನು ಹೋಗಿ ಇಷ್ಟು ವರ್ಷ ಆಯ್ತು ಅಂತ ಅನಿಸುವುದೇ ಇಲ್ಲ.

ನೀವು ಒಂದು ಮಾತು ಹೇಳಬಹುದು: ನಲವತ್ತು ವರ್ಷ ಎಲ್ಲ ಜಾತಿ, ಎಲ್ಲ ಧರ್ಮದವರ ಜೊತೆ ವ್ಯವಹಾರ ಮಾಡಿದ್ದೀನಿ, ನನಗೆ ಜನ ಗೊತ್ತಿಲ್ವಾ? ಗಲ್ಲಾಪೆಟ್ಟಿಗೆಯ ಈ ಕಡೆ ನೀವು, ಆ ಕಡೆ ಅವರು. ನಡುವೆ ರೊಕ್ಕ. ಅದರಿಂದ ಗೊತ್ತಾಗುವುದು ಸ್ವಲ್ಪವೇ. ಮ್ಯಾಟ್ ಲೋ ಎನ್ನುವವರು ಉತ್ತರ ಪ್ರದೇಶದಲ್ಲಿ 1,261 ಯುವಕರನ್ನು ಇಟ್ಟುಕೊಂಡು ಕ್ರಿಕೆಟ್ ಪಂದ್ಯಾವಳಿ ನಡೆಸಿ ನೋಡಿದರು. ಬೇರೆ ಜಾತಿಯವರ ಜೊತೆ ಒಂದೇ ಟೀಮಿನಲ್ಲಿ ಆಡಿದವರಿಗೆ ಆಚೆ ಜಾತಿಯ ಗೆಳೆಯರು ಹೆಚ್ಚಾದರು. ಎದುರಾಳಿಗಳಾಗಿ ಆಡಿದವರಿಗೆ ಆ ಲಾಭ ಆಗಲಿಲ್ಲ. ದಿನಾ ಮುಖ ನೋಡುವುದು ಬೇರೆ, ಹೆಗಲಿಗೆ ಹೆಗಲು ಕೊಟ್ಟು ಒಂದು ಕೆಲಸ ಮಾಡುವುದು ಬೇರೆ. ಆ ಡಯಾಲಿಸಿಸ್ ಹುಡುಗನ ಬಗ್ಗೆ ನಿಮ್ಮ ಅಕ್ಕನಿಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲದ್ದು ಇದೇ ಕಾರಣಕ್ಕೆ.

ಹಾಗಾದರೆ ಎಲ್ಲರನ್ನೂ ಕಣ್ಣು ಮುಚ್ಚಿ ನಂಬಬೇಕಾ? ಬೇಡ. ವೇಷ ಬೇರೆ, ನಡತೆ ಬೇರೆ. ರಾತ್ರಿ ಹೊತ್ತು ಒಂಟಿ ಹೆಂಗಸು ಇರುವ ಮನೆ ಬಾಗಿಲಿಗೆ ಕುಡಿದು ಬಂದು ತಟ್ಟುವವನು ಸೂಟು ಹಾಕಿದ್ದರೂ ಬಾಗಿಲು ತೆಗೆಯಬೇಡಿ. "ಈಗಲೇ ಸೈನ್ ಮಾಡಿ, ಯಾರಿಗೂ ಹೇಳಬೇಡಿ" ಅಂತ ಅವಸರ ಮಾಡುವವನು ಸ್ವಾಮೀಜಿ ಥರ ಕಂಡರೂ ನಂಬಬೇಡಿ. ಆ ಹುಡುಗನ ಸೈಲೆನ್ಸರ್ ಕೂಡ ನಡತೆಯೇ. ಅದನ್ನು ಕೇಳುವ ಹಕ್ಕು ನಿಮಗೆ ಖಂಡಿತ ಇತ್ತು. "ಏನಪ್ಪ, ಈ ಗಾಡಿ ಸದ್ದು ಇಲ್ಲಿ ನಡೆಯಲ್ಲ. ಡ್ಯೂಟಿಯಿಂದ ಎಷ್ಟೊತ್ತಿಗೆ ಬರ್ತೀಯ?" ಅಂದಿದ್ದರೆ ಸಾಕಿತ್ತು. ಡ್ಯೂಟಿ ಎಲ್ಲಿ, ಏನು ಅಂತ ಅಲ್ಲೇ ಬಾಯಿಬಿಡುತ್ತಿದ್ದ.

ಈ ವಯಸ್ಸಲ್ಲಿ ಬದಲಾಗೋಕೆ ಆಗುತ್ತಾ ಅಂದಿರಿ. ಮನಸ್ಸನ್ನು ತೊಳೆದು ಬಿಳಿ ಮಾಡೋಕೆ ಹೋಗಬೇಡಿ, ಅದು ಇಪ್ಪತ್ತರ ವಯಸ್ಸಲ್ಲೂ ಕಷ್ಟ. "ನಾನು ಹಾಗೆ ಯೋಚನೆ ಮಾಡಲೇಬಾರದು" ಅಂತ ಒತ್ತಿ ಹಿಡಿದರೆ ಅದು ಇನ್ನೂ ಜೋರಾಗಿ ಮೇಲೇಳುತ್ತದೆ. ನೀಲ್ ಮ್ಯಾಕ್ರೇ ಮತ್ತು ಜೊತೆಗಾರರು 1994ರಲ್ಲಿ ತಲೆ ಬೋಳಿಸಿಕೊಂಡ ಪುಂಡನಂಥ ವೇಷದ ಯುವಕನ ಫೋಟೋ ಕೊಟ್ಟು ಅವನ ಒಂದು ದಿನದ ಬಗ್ಗೆ ಬರೆಯಿರಿ ಅಂದರು. ಕೆಲವರಿಗೆ, ಇಂಥವರ ಬಗ್ಗೆ ಇರುವ ಮಾಮೂಲಿ ಕಲ್ಪನೆ ಬಿಟ್ಟು ಬರೆಯಿರಿ ಅಂತ ಹೇಳಿದ್ದರು. ಬರೆಯುವಾಗ ಅವರು ಹಾಗೇ ಬರೆದರು. ಆಮೇಲೆ ಅವನು ಕೂರುವ ಕುರ್ಚಿ ತೋರಿಸಿ, ಅದೇ ಸಾಲಿನ ಬೇರೆ ಕುರ್ಚಿಯಲ್ಲಿ ಕೂತುಕೊಳ್ಳಿ ಅಂದಾಗ, ಇವರೇ ಉಳಿದವರಿಗಿಂತ ದೂರ ಹೋಗಿ ಕೂತರು. ಪೂರ್ವಗ್ರಹ ಹೋಗಿಸುವ ತರಬೇತಿಗಳ ಕತೆಯೂ ಅಷ್ಟಕ್ಕಷ್ಟೆ. 2019ರಲ್ಲಿ ಸುಮಾರು 490 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಒಳಗಿನ ಭಾವನೆ ಸ್ವಲ್ಪ ಅಲ್ಲಾಡಿದರೂ ನಡತೆ ಅದರಿಂದ ಬದಲಾದ ಗುರುತು ಸಿಗಲಿಲ್ಲ. ಒಂದು ದಿನದ ಶಿಬಿರ, ಮಧ್ಯಾಹ್ನ ಊಟ, ಸಂಜೆ ಸರ್ಟಿಫಿಕೇಟು. ಇದರಿಂದ ಏನೂ ಆಗಲ್ಲ ಅಂತ ಶಿಬಿರಕ್ಕೆ ಕರೆದವರಿಗೂ ನಾನು ಹೇಳುತ್ತೇನೆ.

ಮನಸ್ಸು ಬಿಡಿ, ಪದ್ಧತಿ ಬದಲಾಯಿಸಿ. ಆಳು ಬರುವ ಮುಂಚೆ ಏನು ನೋಡಬೇಕು ಅಂತ ಗೊತ್ತು ಮಾಡಿಕೊಳ್ಳಿ. ಬಂದ ಮೇಲೆ ಅಲ್ಲ. ಎರಿಕ್ ಊಲ್‌ಮನ್ ಮತ್ತು ಜೆಫ್ರಿ ಕೋಹೆನ್ 2005ರಲ್ಲಿ ತೋರಿಸಿದ್ದು ಇದನ್ನೇ. ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಇಬ್ಬರು, ಒಬ್ಬರಿಗೆ ಓದು ಜಾಸ್ತಿ, ಇನ್ನೊಬ್ಬರಿಗೆ ಬೀದಿಯ ಅನುಭವ ಜಾಸ್ತಿ. ಓದಿದವನು ಗಂಡಸಾದರೆ ಜನ "ಈ ಕೆಲಸಕ್ಕೆ ಓದೇ ಮುಖ್ಯ" ಅಂದರು. ಓದಿದವಳು ಹೆಂಗಸಾದಾಗ ಓದಿಗೆ ಅಷ್ಟು ಬೆಲೆ ಕೊಡಲಿಲ್ಲ. ಅರ್ಜಿ ನೋಡುವ ಮುಂಚೆಯೇ ಯಾವುದು ಮುಖ್ಯ ಅಂತ ಹೇಳಿಸಿಕೊಂಡಾಗ ಆ ಭೇದ ನಿಂತುಹೋಯಿತು. ನಿಮ್ಮ ಮನೆ ವಿಷಯದಲ್ಲೂ ಅದೇ ಆಗಿದೆ. ಬೈಕಿನ ಸದ್ದು ಹುಡುಗನಿಗೆ ಅಡ್ಡ ಬಂತು. ಇಸ್ತ್ರಿ ಅಂಗಿಯವರ ಹತ್ತಿರ ಅದೇ ಬೈಕಿದ್ದರೆ "ಗಾಡಿ ತಾನೇ, ಹೇಳಿದ್ರೆ ಸರಿ ಮಾಡಿಸ್ತಾರೆ" ಅಂತಿದ್ದಿರಿ, ಅಲ್ವಾ?

ಹಾಗಾಗಿ ಮನೆಗೆ ಒಂದು ಹಾಳೆ ಮಾಡಿ. ಎಲ್ಲಿ ಕೆಲಸ, ಹಿಂದಿನ ಮನೆ ಓನರ್ ಫೋನ್ ನಂಬರ್, ಆಧಾರ್ ಕಾಪಿ, ಅಡ್ವಾನ್ಸ್, ಹನ್ನೊಂದು ತಿಂಗಳ ಅಗ್ರಿಮೆಂಟ್, ರಾತ್ರಿ ಸದ್ದಿನ ನಿಯಮ. ಬಂದವರೆಲ್ಲರಿಗೂ ಅವೇ ಪ್ರಶ್ನೆ, ಅದೇ ಕ್ರಮದಲ್ಲಿ. ಹಿಂದಿನ ಓನರ್‌ಗೆ ಫೋನ್ ಮಾಡುವುದನ್ನು ಮಾತ್ರ ತಪ್ಪಿಸಬೇಡಿ. ನಿಮ್ಮ ಈಗಿನ ಬಾಡಿಗೆಯವರ ವಿಷಯದಲ್ಲಿ ಆ ಒಂದು ಕಾಲ್ ಬಹಳ ಹೇಳುತ್ತಿತ್ತು ಅಂತ ನನ್ನ ಅನುಮಾನ. ಯಾವ ಪೈಕಿ ಅನ್ನುವ ಪ್ರಶ್ನೆ ಆ ಹಾಳೆಯಲ್ಲಿ ಇರಕೂಡದು.

ಅಂಗಡಿಯಲ್ಲಿ ಉದ್ರಿಗೂ ಹಾಗೇ. ಪಹಣಿ, ಈ ಸಲದ ಬೆಳೆ, ನೀರು ನಾಲೆಯದಾ ಬೋರಿನದಾ ಮಳೆಯದಾ, ಹಿಂದಿನ ಬಾಕಿ. ಹೊಸಬರು ಯಾರೇ ಆಗಲಿ, ಎಲ್ಲರಿಗೂ ಒಂದೇ ಸಣ್ಣ ಮಿತಿ. ಕಟ್ಟಿದ ಹಾಗೆ ಮಿತಿ ಏರಿಸುತ್ತಾ ಹೋಗಿ.

ಇನ್ನೊಂದು ಕೆಲಸ ಹೇಳುತ್ತೇನೆ. ನಿಮಗೆ ವಿಚಿತ್ರ ಅನಿಸಬಹುದು. "ಇವನಿಗೆ ಬೇಡ" ಅಂತ ಮನಸ್ಸು ಹೇಳುವವರಲ್ಲಿ ಕೆಲವರಿಗೆ ಬೇಕಂತಲೇ ಸಣ್ಣ ಉದ್ರಿ ಕೊಡಿ. ಹೋದರೂ ಹೊಟ್ಟೆ ಉರಿಯದಷ್ಟು ಮೊತ್ತ. ಪುಸ್ತಕದ ಕೊನೆ ಹಾಳೆಯಲ್ಲಿ ನಿಮ್ಮ ಊಹೆ ಬರೆದಿಡಿ: ಕಟ್ಟುತ್ತಾನೆ, ಕಟ್ಟಲ್ಲ. ಸುಗ್ಗಿ ಮುಗಿದ ಮೇಲೆ ನಿಜ ಏನಾಯ್ತು ಅಂತ ಪಕ್ಕದಲ್ಲಿ ಬರೆಯಿರಿ. ಒಂದೆರಡು ವರ್ಷ ಮಾಡಿದರೆ ಖಾತೆಯ ಇನ್ನರ್ಧ ನಿಮ್ಮ ಕೈಗೆ ಬರುತ್ತದೆ. ಆಗ ಮಗಳ ಜೊತೆ ವಾದ ಮಾಡೋಕೆ ನಿಮ್ಮ ಹತ್ತಿರ ದಾಖಲೆ ಇರುತ್ತದೆ. ನೀವೇ ಗೆದ್ದರೂ ಗೆಲ್ಲಬಹುದು, ನನಗೆ ಬೇಜಾರಿಲ್ಲ. ಅಂಗಡಿ ಹುಡುಗನಿಗೆ ಮಾತ್ರ ಇವತ್ತೇ ಹೇಳಿಬಿಡಿ, ಒಳಗೆ ಬಂದವರಿಗೆಲ್ಲ ಕುರ್ಚಿ.

ಈಗ ಆ ಟೆಕ್ನೀಷಿಯನ್ ಹುಡುಗ. ಮನೆ ಕೊಟ್ಟಿರಲಿಲ್ಲ ಅಂತ ಅವನಿಗೆ ಅವತ್ತೇ ಗೊತ್ತಾಗಿರುತ್ತದೆ. ಟು-ಲೆಟ್ ಬೋರ್ಡು ಇನ್ನೂ ಗೇಟಿನ ಮೇಲೇ ಇದ್ದಿರಬೇಕು. ಡ್ಯೂಟಿ ಇಲ್ಲದ ಹೊತ್ತಿನಲ್ಲಿ, ಅಕ್ಕನ ಮುಂದೆ ಅಲ್ಲದೆ, ಎರಡೇ ಮಾತು ಹೇಳಿ: "ಅವತ್ತು ಮನೆ ಖಾಲಿ ಇತ್ತು. ನಿನ್ನ ವೇಷ ನೋಡಿ ಸುಳ್ಳು ಹೇಳಿದೆ. ತಪ್ಪಾಯ್ತು." ಅಲ್ಲಿಗೆ ನಿಲ್ಲಿಸಿ. "ನೀನು ಇಷ್ಟು ಒಳ್ಳೆಯವನು ಅಂತ ಗೊತ್ತಿರಲಿಲ್ಲ" ಅಂತ ಸೇರಿಸಬೇಡಿ. ಅವನು ನಿಮ್ಮ ಅಕ್ಕನನ್ನು ನೋಡಿಕೊಳ್ಳದೆ ಇದ್ದರೂ ಆ ಸುಳ್ಳು ಸುಳ್ಳೇ. ಮುಂದಿನ ಸಲ ಯಾರಾದರೂ ಕೂದಲು ಬಿಟ್ಟುಕೊಂಡು ಬಂದರೆ ಇವನ ನೆನಪಿನಲ್ಲಿ ಕಣ್ಣು ಮುಚ್ಚಿ ಕೀ ಕೊಡುವುದೂ ಬೇಡ. ಅವರಿಗೂ ಅದೇ ಹಾಳೆ.

ಇಸ್ತ್ರಿ ಅಂಗಿಯವರ ವಿಷಯದಲ್ಲೂ ಅವಸರ ಬೇಡ. ನಾಲ್ಕು ತಿಂಗಳಿಂದ ಯಾಕೆ ಕೊಟ್ಟಿಲ್ಲ ಅಂತ ನೀವು ಕೂತು ಕೇಳಿದ ಹಾಗೆ ಪತ್ರದಲ್ಲಿ ಕಾಣಲಿಲ್ಲ. ಕೆಲಸ ಹೋಗಿರಬಹುದು, ಮನೆಯಲ್ಲಿ ಕಾಯಿಲೆ ಇರಬಹುದು, ಕೊಡದೆ ದಬಾಯಿಸುವ ಉದ್ದೇಶವೇ ಇರಬಹುದು. ಕೇಳಿ. ಕಾರಣ ನಿಜ ಅನಿಸಿದರೆ ಬಾಕಿಯನ್ನು ಕಂತು ಮಾಡಿ, ಈಗಲಾದರೂ ಸ್ಟ್ಯಾಂಪ್ ಪೇಪರ್ ಮೇಲೆ ಬರೆಸಿಕೊಳ್ಳಿ. ಬರೆದು ಕೊಡಲು ಒಪ್ಪದಿದ್ದರೆ ಮುಂದಿನ ತಿಂಗಳ ತನಕ ಕಾಯದೆ ವಕೀಲರಿಂದ ನೋಟಿಸ್ ಕಳಿಸಿ.